ಮಗು ಎಷ್ಟು ದೊಡ್ಡದು?

“ಮೇಲೆ ಫ್ಯಾಮಿಲಿಗೆ ಮಾತ್ರ ಮಾರಾಯ್ರೆ. ಒಬ್ರೇ ಅಲ್ವಾ? ಕೆಳಗೆ ಕೂತ್ಕೊಳ್ಳಿ,” ಎಂದು ವೇಟರ್ ನೌಶಾದ್ ಮೆಟ್ಟಿಲಿಗೆ ಅಡ್ಡ ನಿಂತ.

“ಊಟಕ್ಕಲ್ಲ, ಜಾಗ ನೋಡ್ಲಿಕ್ಕೆ ಬಂದದ್ದು,” ಎಂದರು ಮೊಯ್ದಿನ್. ಕತಾರಿನ ದುಖಾನ್‌ನ ಕಾರ್ಮಿಕರ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಕಳೆದ ಅವರಿಗೆ ದೋಹಾದಲ್ಲಿ ಒಂಟಿಯಾಗಿರುವ ಗಂಡಸರು ಉಣ್ಣುವ ಬ್ಯಾಚುಲರ್ ಮೆಸ್ಸುಗಳೆಲ್ಲ ಬಾಯಿಪಾಠ. ಹೆಂಡತಿ, ಮಗುವಿನ ಜೊತೆ ಹೋಗುವಂಥ ಹೋಟೆಲು ಮಾತ್ರ ಒಂದೂ ಗೊತ್ತಿರಲಿಲ್ಲ. “ಬರುವ ಶುಕ್ರವಾರ ರುಕಿಯಾ ಮಗಳನ್ನು ಕರ್ಕೊಂಡು ಊರಿಂದ ಬರ್ತಾಳೆ. ಮೊದಲ ಊಟವೇ ಹಾಳಾದ್ರೆ, ಇಷ್ಟು ವರ್ಷ ಇಲ್ಲಿ ಎಂತ ಮಾಡಿದ್ರಿ ಅಂತ ಕೇಳ್ಳಿಕ್ಕಿಲ್ವಾ?”

ನೌಶಾದ್ ನಕ್ಕ. “ಮಗು ಎಷ್ಟು ದೊಡ್ಡದು?”

ಮೊಯ್ದಿನ್ ಅಂಗೈಯನ್ನು ತಮ್ಮ ಮೊಣಕಾಲಿನ ಮಟ್ಟಕ್ಕೆ ಹಿಡಿದರು. ಆಮೇಲೆ ಸ್ವಲ್ಪ ಮೇಲೆತ್ತಿದರು, ಮತ್ತೆ ಇಳಿಸಿದರು. ಕೈ ಎಲ್ಲಿಯೂ ನಿಲ್ಲಲಿಲ್ಲ. “ಹುಟ್ಟಿದ ಮೇಲೆ ಫೋನಿನಲ್ಲೇ ನೋಡಿದ್ದು. ಅದ್ರಲ್ಲಿ ಎತ್ತರ ಗೊತ್ತಾಗುವುದಿಲ್ಲ ನೋಡಿ.”

ನೌಶಾದ್ ದಾರಿ ಬಿಟ್ಟ. “ಯಲ್ಲಾ, ಬನ್ನಿ ಕಾಕ.”

ಮೇಲೆ, ಕಿಟಕಿ ಪಕ್ಕದ ಮೇಜಿಗೆ ಅವನು ಪುಟ್ಟ ಮಕ್ಕಳನ್ನು ಕೂರಿಸುವ ಎತ್ತರದ ಕುರ್ಚಿಯೊಂದನ್ನು ತಂದು ಹಾಕಿದ. ಮೊಯ್ದಿನ್ ಅದನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದರು. ಆಮೇಲೆ ಪಕ್ಕದಲ್ಲಿ ಕುಳಿತು, ಖಾಲಿ ಕುರ್ಚಿಯ ಬೆಲ್ಟನ್ನು ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು.