ಅಂದಾನಪ್ಪನ ಲ್ಯಾಪ್‌ಟಾಪು, ಶಿವಲಿಂಗವ್ವನ ಕಿವಿ ಮಷೀನು

ಇದು ಸ್ವಲ್ಪ ಕಂಪ್ಯೂಟರ್ ಕಥೆ... ಆದರೂ ಕೊನೆವರೆಗೂ ಓದಿ.

ಗದಗದಲ್ಲಿ ಕಿವಿ ಮಷೀನ್ ಸೆಟ್ ಮಾಡಿಕೊಡುವ ಅಂದಾನಪ್ಪನಿಗೆ ಅವತ್ತು ಸಾಕುಸಾಕಾಗಿ ಹೋಗಿತ್ತು...

ಅಂಗಡಿಯ ಹಳೆ ಕಂಪ್ಯೂಟರ್ ಸುಟ್ಟುಹೋಗಿತ್ತು. ಮಷೀನ್ ಸೆಟ್ ಮಾಡುವ ಸಾಫ್ಟ್‌ವೇರೋ, ಹಳೆ ವಿಂಡೋಸ್‌ನಲ್ಲಿ ಮಾತ್ರ ಓಡುವಂಥದ್ದು.

ಹಾಗಾಗಿ ಹೊಸ ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಇನ್ನೊಂದು ಹಳೆ ಕಂಪ್ಯೂಟರ್ ಕೂರಿಸಬೇಕು. ವರ್ಚುವಲ್ ಮಷೀನ್ ಅಂತಾರಲ್ಲ, ಅದು.

ಹಳೆ ವಿಂಡೋಸ್‌ನ ಸಿಡಿ ಹಾಕಿದ. ನೀಲಿ ಪರದೆ ಬಂತು, ಫೈಲುಗಳೆಲ್ಲ ಕಾಪಿ ಆದವು. ರೀಸ್ಟಾರ್ಟ್ ಆಯಿತು... ನೋಡಿದರೆ ಮತ್ತೆ ಅದೇ ನೀಲಿ ಪರದೆ, ಇನ್‌ಸ್ಟಾಲ್ ಮೊದಲಿಂದ ಶುರು!

ಮೆಮೊರಿ ಜಾಸ್ತಿ ಕೊಟ್ಟ. ಡಿಸ್ಕ್ ಅಳಿಸಿ ಹೊಸದು ಮಾಡಿದ. ಊಹೂಂ... ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಎದುರಿಗೆ ಬೆಳಿಗ್ಗೆಯಿಂದ ಕಾದು ಕೂತಿದ್ದವರು ಶಿವಲಿಂಗವ್ವ. ಮಷೀನ್ ಸೆಟ್ ಆಗುವವರೆಗೂ ಅವರಿಗೆ ಏನೂ ಕೇಳಿಸದು.

ನಾಳೆ ಬನ್ನಿ ಅಂತ ಅಂದಾನಪ್ಪ ಕೈಸನ್ನೆ ಮಾಡಿದ.

"ಆಗಂಗಿಲ್ಲಪಾ... ನಮ್ಮ ಮನಿಯವ್ರಿಗೆ ಲಕ್ವಾ ಹೊಡದು ಕೈಕಾಲು ಆಡವಲ್ಲವು. ಮನ್ಯಾಗ ನಾವ್ ಇಬ್ರ. ದಿನಾ ಮಲಗಿದಲ್ಲಿಂದ ಏನೋ ಕೂಗ್ತಾರ. ನೀರು ಒಯ್ತೀನಿ, ಬ್ಯಾಡಂತ ತಲಿ ಅಲ್ಲಾಡಸ್ತಾರ. ಗುಳಿಗಿ ಒಯ್ತೀನಿ, ಅದೂ ಬ್ಯಾಡ. ಕಡೀಕ ಸಾಕಾಗಿ ಬೈದುಬಿಡ್ತೀನಿ... ಅವ್ರಿಗೆ ಏನ್ ಬೇಕಂತ ಇವತ್ತರ ತಿಳೀಬೇಕು ನನಗ."

ಅಂದಾನಪ್ಪ ನಿಟ್ಟುಸಿರು ಬಿಟ್ಟು ಮತ್ತೆ ಶುರು ಮಾಡಿದ.

ಇನ್ನೇನು ರೀಸ್ಟಾರ್ಟ್ ಆಗಬೇಕು... ಶಿವಲಿಂಗವ್ವ ಪಕ್ಕದ ಹೋಟೆಲಿನಿಂದ ತಂದ ಚಹಾ ಒಂದು ಕೈಗೆ, ಬನ್ನು ಇನ್ನೊಂದು ಕೈಗೆ ತುರುಕಿದರು.

"ಮೊದ್ಲ ಚಾ ಕುಡಿಪಾ. ಆ ಡಬ್ಬಿ ಎಲ್ಲಿಗೂ ಓಡಿ ಹೋಗಂಗಿಲ್ಲ!"

ಪರದೆಯ ಮೇಲೆ ಒಂದು ಸಾಲು ಮೂಡಿತು... ಸಿಡಿಯಿಂದ ಶುರು ಮಾಡಬೇಕಿದ್ದರೆ ಯಾವುದಾದರೂ ಕೀ ಒತ್ತಿ.

ಪ್ರತಿ ಸಲವೂ ಇವನು ಅದನ್ನು ಓದದೇ ಟಪ್ ಅಂತ ಒತ್ತಿಬಿಡುತ್ತಿದ್ದ. ಅದು ಪಾಪ, ಹೇಳಿದ ಹಾಗೆ ಮೊದಲಿಂದ ಶುರು ಮಾಡುತ್ತಿತ್ತು.

ಈ ಸಲ ಕೈ ಖಾಲಿ ಇರಲಿಲ್ಲ, ಒತ್ತಲಿಲ್ಲ. ಇನ್‌ಸ್ಟಾಲ್ ತನ್ನಷ್ಟಕ್ಕೆ ಮುಂದೆ ಸಾಗಿತು!

ಸಂಜೆ ಹೊತ್ತಿಗೆ ಕಿವಿ ಮಷೀನ್ ಸೆಟ್ ಆಯಿತು. "ಮನಿಗೆ ಫೋನ್ ಹಚ್ಚಿ ಮಾತಾಡಿ ನೋಡ್ರಿ ಯವ್ವಾ" ಅಂದ.

ಅವತ್ತು ಯಜಮಾನರನ್ನು ನೋಡಿಕೊಳ್ಳಲು ಬಂದಿದ್ದ ಪಕ್ಕದ ಮನೆಯಾಕೆ ಫೋನನ್ನು ಅವರ ಬಾಯಿ ಹತ್ತಿರ ಹಿಡಿದಳು.

"ಈಗ ಕೇಳಸ್ತೈತ್ರೀ... ದಿನಾ ಏನ್ ಕೂಗ್ತಿದ್ರಿ? ಏನ್ ಬೇಕ್ರೀ ನಿಮಗ?"

ಆ ಕಡೆಯಿಂದ ತೊದಲುತ್ತಾ ಬಂತು ಮಾತು...

"ನೀ... ಉಂಡ್ಯೇನು?"

ಶಿವಲಿಂಗವ್ವ ಸೆರಗು ಬಾಯಿಗೊತ್ತಿಕೊಂಡರು.

"ದಿನಾ ಇದನ್ನ ಕೇಳ್ತಿದ್ರೇನ್ರೀ... ನಾ ಬೈತಿದ್ದೆನಲ್ರೀ..."

ಅಂದಾನಪ್ಪನಿಗೂ ತಡೆಯಲಾಗಲಿಲ್ಲ. ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡ.

ದಣಿದಾಗ ನಾವು ಉತ್ತರ ಕೊಡೋಕೆ ಅವಸರ ಮಾಡುತ್ತೇವೆ... ಎದುರಿನವರು ಏನು ಕೇಳಿದರು ಅಂತ ಕೇಳಿಸಿಕೊಳ್ಳುವುದೇ ಇಲ್ಲ.

ಇವತ್ತು ನಿಮ್ಮ ಮನೆಯಲ್ಲಿ ಯಾರ ಮಾತನ್ನು ಪೂರ್ತಿ ಕೇಳದೆಯೇ "ಹೂಂ" ಅಂದಿರಿ?