ಇನ್ನೂರ ಹನ್ನೆರಡನೇ ಸಂಚಿಕೆಯ ಖಾಲಿ ಬಲೂನು

“ಇದರಲ್ಲಿ ‘ಅಯ್ಯೋ’ ಬಿಟ್ಟರೆ ಬೇರೇನೂ ಹಿಡಿಯಲ್ಲ ಸರ್,” ಎಂದು ಅಕ್ಷರಮ್ಮ ಹಾಳೆಯನ್ನು ಚಿತ್ರಕಾರನ ಮೇಜಿನ ಮೇಲಿಟ್ಟಳು. ‘ಸಿಡಿಲಣ್ಣ’ನ ಸಾಹಸಗಳ ಚಿತ್ರಕಥೆಯಲ್ಲಿ, ಪಾತ್ರಗಳ ಬಾಯಿಂದ ಹೊರಡುವ ಬಲೂನುಗಳೊಳಗೆ ಮಾತು ಬರೆಯುವುದು ಅವಳ ಕೆಲಸ. ಈ ಬಲೂನೋ ಕಡಲೆಕಾಳಿನಷ್ಟಿತ್ತು.

“ಹಾಗಾದ್ರೆ ‘ಅಯ್ಯೋ’ ಅಂತಲೇ ಬರೀರಿ. ಬೇಕಾದ್ರೆ ಆ ಕಡೆ ರೂಮಿನವರಿಗೆ ಹೇಳಿ,” ಎಂದ ಅವನು, ತಲೆ ಎತ್ತದೆ.

ಆ ಕಡೆ ರೂಮಿನವರು ಅಂದರೆ ಅವನ ಸ್ವಂತ ಅಕ್ಕ. ಹದಿನೆಂಟು ವರ್ಷದಿಂದ ಕಥೆ ಅವಳದು, ಚಿತ್ರ ಇವನದು. ಮೂರು ತಿಂಗಳ ಹಿಂದೆ ತಮ್ಮ ಯಾರನ್ನೂ ಕೇಳದೆ ಸಿಡಿಲಣ್ಣನಿಗೆ ಒಂದು ಚೂರು ಹೊಟ್ಟೆ ಬರಿಸಿಬಿಟ್ಟ. “ಲೋಕ ಕಾಯೋನಿಗೆ ಹೊಟ್ಟೆಯೇನೋ?” ಎಂದು ಅಕ್ಕ ರೇಗಿದಳು. “ಅವನಿಗೂ ವಯಸ್ಸಾಗಲ್ವಾ? ನಿನಗೇನು, ಕೂತಲ್ಲೇ ಗೀಚಿ ಬಿಸಾಕ್ತೀಯ,” ಎಂದ ತಮ್ಮ. ಆ ‘ಗೀಚಿ’ ಅವಳಿಗೆ ನಾಟಿತು. ಅವತ್ತಿನಿಂದ ಮಾತಿಲ್ಲ. ಒಂದೇ ಚೌಕಕ್ಕೆ ‘ಹತ್ತು ಸಾವಿರ ಸೈನಿಕರು, ಎಲ್ಲರೂ ಕುದುರೆ ಮೇಲೆ, ಎಲ್ಲರ ಕೈಯಲ್ಲೂ ಕೊಡೆ’ ಎಂದು ಅವಳು ಬರೆದಳು. ಕುದುರೆ ಬಿಡಿಸಿ ಬಿಡಿಸಿ ಬೆರಳು ಬಾತ ತಮ್ಮ, ಅವಳ ಮಾತು ಹಿಡಿಯದಂತೆ ಬಲೂನುಗಳನ್ನು ಕುಗ್ಗಿಸಿದ. ಕೊನೆಗೆ ಈ ಸಂಚಿಕೆಗೆ ಅಕ್ಕ ಬ್ರಹ್ಮಾಸ್ತ್ರವನ್ನೇ ಬಿಟ್ಟಳು: ಹೊಟ್ಟೆಯ ಭಾರಕ್ಕೆ ಸಿಡಿಲಣ್ಣನಿಗೆ ಹಾರಲಾಗುವುದಿಲ್ಲ, ಸೇತುವೆಯ ಅಂಚಿಗೆ ನೇತುಬೀಳುತ್ತಾನೆ, ಕೈ ಜಾರುತ್ತದೆ.

ಇವರಿಬ್ಬರ ನಡುವೆ ಅಕ್ಷರಮ್ಮ ಹೈರಾಣಾಗಿದ್ದಳು. ನಾಲ್ಕು ಗಂಟೆಯೊಳಗೆ ಪುಟಗಳು ಅಚ್ಚಿಗೆ ಬಾರದಿದ್ದರೆ ಆ ಜಾಗ ಹೊಲಿಗೆ ಪಾಠಕ್ಕೆ, ಸಿಡಿಲಣ್ಣನ ಕಥೆ ಅಲ್ಲಿಗೆ ಮುಗಿಯಿತು ಎಂದು ಪತ್ರಿಕೆಯ ಸಂಪಾದಕರು ಖಡಾಖಂಡಿತವಾಗಿ ಹೇಳಿದ್ದರು. ಆಗಲೇ ಮೂರು ಹೊಡೆದಿತ್ತು. “ಕೊನೇ ಪುಟ ಎಲ್ಲಿ ಸರ್?” ಎಂದಳು. ಚಿತ್ರಕಾರ ಡ್ರಾಯರಿನಿಂದ ಒಂದು ಹಾಳೆ ತೆಗೆದು ಬೋರಲಾಗಿಯೇ ಕೊಟ್ಟ. “ಅವರಿಗೇ ಕೊಡಿ.”

ಅಕ್ಕ ಹಾಳೆ ತಿರುಗಿಸಿದಳು. ಸಿಡಿಲಣ್ಣನ ಕೈ ಜಾರಿಯೇ ಇತ್ತು. ಆದರೆ ಅವಳ ಕಥೆಯಲ್ಲಿಲ್ಲದ ಒಬ್ಬ ಹೆಂಗಸು ಸೇತುವೆಯ ಮೇಲೆ ಬೋರಲು ಮಲಗಿ ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತುರುಬಿನಲ್ಲಿ ಪೆನ್ಸಿಲ್, ಮೂಗಿನ ತುದಿಯಲ್ಲಿ ಕನ್ನಡಕ. ಅವಳ ಬಾಯಿಂದ ಹೊರಟ ಬಲೂನು ಅರ್ಧ ಪುಟ ತುಂಬಿತ್ತು. ಒಳಗೆ ಏನೂ ಇರಲಿಲ್ಲ.

“ನನ್ನ ಮೂಗು ಇಷ್ಟು ದಪ್ಪ ಇದೆಯೇನ್ರೀ?” ಎಂದಳು ಅಕ್ಕ.

“ಇದೆ ಮೇಡಂ. ಬೇಗ ಮಾತು ಹೇಳಿ, ಟೈಮಾಯ್ತು.”

ಅಕ್ಕ ‘ಹೆದರಬೇಡ ವೀರಾ’ ಎಂದು ಚೀಟಿಯಲ್ಲಿ ಬರೆದು ಹೊಡೆದುಹಾಕಿದಳು. ‘ತಪ್ಪು ನನ್ನದೂ ಇದೆ’ ಎಂದು ಬರೆದಳು, ಚೀಟಿಯನ್ನೇ ಹರಿದಳು. ಹದಿನೆಂಟು ವರ್ಷ ರಾಕ್ಷಸರಿಗೆಲ್ಲ ಮಾತು ಕೊಟ್ಟವಳಿಗೆ ಒಂದು ಸಾಲು ಹುಟ್ಟಲಿಲ್ಲ. ಕಣ್ಣು ತುಂಬಿ ಬಂತು. ಕನ್ನಡಕ ಒರೆಸಿಕೊಳ್ಳುತ್ತ, “ಅವನು ಊಟ ಮಾಡಿದ್ನಾ?” ಎಂದಳು.

“ಇದನ್ನೇ ಬರೀಲಾ?”

“ಅಯ್ಯೋ, ಇಲ್ಲ ಕಣ್ರೀ. ಸುಮ್ನೆ ಕೇಳ್ದೆ.”

“ನನ್ನ ಕೇಳಿದ್ರೆ ಏನ್ ಬಂತು? ಮೂರು ತಿಂಗಳು ನಿಮ್ಮ ಟಪಾಲು ಹೊತ್ತಿದ್ದು ಸಾಕು ಮೇಡಂ. ಹತ್ತು ಹೆಜ್ಜೆ. ನೀವೇ ಹೋಗಿ ಕೇಳಿ.”

ಅಕ್ಕ ಎದ್ದು ಹೋದಳು. ಗೋಡೆಯಾಚೆಯಿಂದ ಮಾತು ಕೇಳಿಸಿತು.

“ಊಟ ಆಯ್ತೇನೋ?”

“...ನಿಂದು?”

“ಇಲ್ಲ.”

“ಬಾ ಮತ್ತೆ, ಡಬ್ಬಿ ಬಿಚ್ತೀನಿ. ಹೊಟ್ಟೆ ಮಾತ್ರ ಕರಗಿಸಲ್ಲ.”

“ಇರ್ಲಿ ಬಿಡೋ. ನನ್ನ ಮೂಗು ಸರಿ ಮಾಡು ಮೊದಲು.”

ಆಮೇಲೆ ಮೂಗಿನ ಜಗಳ ಶುರುವಾಯಿತು. ಪುಟದ ನೆನಪು ಇಬ್ಬರಿಗೂ ಇರಲಿಲ್ಲ. ನಾಲ್ಕಕ್ಕೆ ಅಚ್ಚಿನವನು ಬಂದಾಗ ಅಕ್ಷರಮ್ಮ ಬಲೂನನ್ನು ಖಾಲಿಯಾಗಿಯೇ ಕಳಿಸಿಕೊಟ್ಟಳು.

ಅದರೊಳಗಿನ ಮಾತು ಏನಿರಬಹುದೆಂದು ಓದುಗರಿಂದ ಚೀಲಗಟ್ಟಲೆ ಕಾಗದ ಬಂತು. ಮಂತ್ರ ಅಂದರು, ಪ್ರೇಮ ಅಂದರು, ಶಾಪ ಅಂದರು. ಒಬ್ಬರು ಮಾತ್ರ ‘ಊಟ ಆಯ್ತಾ?’ ಎಂದು ಬರೆದಿದ್ದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ‘ನನಗೂ ಒಬ್ಬ ತಮ್ಮನಿದ್ದಾನೆ. ಮಾತು ಬಿಟ್ಟು ಆರು ವರ್ಷವಾಯಿತು.’