ಚಪ್ಪಲಿಗಳ ಪಾಳಿ

ಗೊಬ್ಬರದಂಗಡಿಯ ಮುಂದೆ ಯೂರಿಯಾಕ್ಕಾಗಿ ಊರವರ ಚಪ್ಪಲಿಗಳು ಪಾಳಿ ನಿಂತಿದ್ದವು. ದಿನವೂ ಮೊದಲ ಜೋಡಿ ಬಾಳವ್ವನದೇ. ಚಪ್ಪಲಿ ಬಿಟ್ಟು ಅವಳು ಬೇವಿನ ನೆರಳಲ್ಲಿ ಎಲ್ಲರೊಡನೆ ಹರಟುತ್ತಾ ಕೂರುತ್ತಿದ್ದಳು.

“ಎಲ್ಲೋ ಗ್ಯಾಸ್ ನಿಂತು ಯೂರಿಯಾ ಕಾರ್ಖಾನಿ ಬಂದ್ ಆಗೇತಂತ. ಇಲ್ಲಿ ನನ್ನ ಗೋವಿನಜೋಳ ಹಳದಿ ಆಗಾಕತ್ತೇತಿ,” ಎಂದ, ಪಾಳಿಯ ಕಟ್ಟಕಡೆಯ ಹಾಲಪ್ಪ.

“ಬರ್ತೇತಿ ಬಿಡೋ. ಕುಂದ್ರು, ಎಲಿ ಹಾಕ್ಕೋ,” ಎಂದಳು ಬಾಳವ್ವ.

ಮಧ್ಯಾಹ್ನ ಲಾರಿ ಬಂತು. ಎಲ್ಲರೂ ಎದ್ದು ಓಡಿದರು. ಬಾಳವ್ವನ ಮುಖ ಬಾಡಿತು.

“ಚೀಲ ಕಡಿಮಿ ಅದಾವು. ಹಿಂದಿನವ್ರಿಗೆ ಸಿಗಂಗಿಲ್ಲ!” ಅಂಗಡಿಯವನು ಕೂಗಿದ.

ಬಾಳವ್ವ ಚಪ್ಪಲಿ ಮೆಟ್ಟಿಕೊಂಡು, ತನ್ನ ಜಾಗಕ್ಕೆ ಹಾಲಪ್ಪನನ್ನು ಎಳೆದು ನಿಲ್ಲಿಸಿದಳು.

“ನಿನ್ನ ಹೊಲಕ್ಕ ಬ್ಯಾಡೇನಬೇ?”

“ಹೊಲ ಮಾರಿ ಭಾಳ ದಿನ ಆತೋ ಯಪ್ಪಾ. ಮನ್ಯಾಗ ಮಾತಾಡಾಕ ಯಾರೂ ಇಲ್ಲಂತ ಬರ್ತಿದ್ದೆ.”